ಅಕ್ಕನ ಹನ್ನೊಂದು ನಿಮಿಷ

ನಾನು ಬದುಕಿನಲ್ಲಿ ಒಂದೇ ಒಂದು ಸಲ ಸರಿಯಾಗಿ ಸೇಡು ತೀರಿಸಿಕೊಂಡಿದ್ದೇನೆ. ಅದಕ್ಕಾಗಿ ನಾನು ಮಾಡಿದ್ದು ಇಷ್ಟೇ, ಕುರ್ಚಿ ಬಿಟ್ಟು ಏಳಲಿಲ್ಲ.

ಸಣ್ಣಪುಟ್ಟವು ಬೇಕಾದಷ್ಟಿವೆ. ಶಾಲೆಯಲ್ಲಿ ನನ್ನ ಜಡೆ ಎಳೆದವಳ ಊಟದ ಡಬ್ಬಿಯ ಮುಚ್ಚಳವನ್ನು ಬಾವಿಗೆ ಹಾಕಿದ್ದೆ. ನನ್ನ ಮದುವೆಯ ಸೀರೆಯನ್ನು ನಾಲ್ಕು ಜನರ ಮುಂದೆ ಆಡಿಕೊಂಡ ನಾದಿನಿಗೆ ಇವತ್ತಿಗೂ ಚಹಾದಲ್ಲಿ ಸಕ್ಕರೆ ಕಡಿಮೆಯೇ ಹಾಕುತ್ತೇನೆ. "ಈ ಹುಡುಗಿ ಹೊಟ್ಟ್ಯಾಗ ಇಟಗೊಂಡಳಂದ್ರ ಮುಗೀತು, ಬಿಡಂಗಿಲ್ಲ" ಎಂದು ನಮ್ಮವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಬಹಳ ವರ್ಷ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಾನು ಕೆಲಸ ಮಾಡುವುದು ಬಳ್ಳಾರಿಯಲ್ಲಿ, ಒಂದು ಅಕ್ಕಿ ಮಿಲ್ಲಿನ ಆಫೀಸಿನಲ್ಲಿ. ಮಿಲ್ಲು ಇರುವುದು ಸಿರುಗುಪ್ಪದಲ್ಲಿ. ಆರ್ಡರು ಹಿಡಿಯುವುದು, ಲಾರಿ ಕಳಿಸುವುದು, ಕಾಗದಪತ್ರ ಎಲ್ಲ ಕೌಲ್ ಬಜಾರಿಗೆ ಹೋಗುವ ದಾರಿಯಲ್ಲಿ ಒಂದು ಪಂಕ್ಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುತ್ತದೆ. ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ಯಾವ ಲಾರಿಗೆ ಯಾವ ಅಕ್ಕಿ ಏರಬೇಕೆಂದು ಗೊತ್ತುಮಾಡಿ, ಚೀಟಿ ಬರೆದು, ಡ್ರೈವರುಗಳ ಜೊತೆ ಕನ್ನಡದಲ್ಲೂ ತೆಲುಗಿನಲ್ಲೂ ಜಗಳವಾಡಿ ಸಾಗಹಾಕುವುದು ನನ್ನ ಪಾಲಿನ ಕೆಲಸ.

ನಮ್ಮ ಆಫೀಸಿಗೆ ಒಂದು ಪದ್ಧತಿ ಇತ್ತು. ಅಕ್ಕಿ ಮಿಲ್ಲಿನಿಂದ ಹೊರಗೆ ಹೋಗುವ ಮೊದಲು ಆ ಅಕ್ಕಿಯ ಒಂದು ಸೇರು ಬಟ್ಟೆಯ ಚೀಲದಲ್ಲಿ, ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಿರುಗುಪ್ಪದಿಂದ ನಮ್ಮಲ್ಲಿಗೆ ಬರುತ್ತಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಹಿಂದಿನ ಕೋಣೆಯ ಗ್ಯಾಸ್ ಒಲೆಯ ಮೇಲೆ ಅದನ್ನು ಬೇಯಿಸಿ, ಆಫೀಸಿನವರೆಲ್ಲ ಮನೆಯಿಂದ ತಂದ ಸಾರು ಪಲ್ಯ ಹಾಕಿಕೊಂಡು ಉಣ್ಣುತ್ತಿದ್ದೆವು. ಉಂಡ ಮೇಲೆಯೇ ತೀರ್ಮಾನ. ಹಳೆ ಅಕ್ಕಿ ಎಂದು ಆರ್ಡರು ಕೊಟ್ಟವರಿಗೆ ಹೊಸ ಅಕ್ಕಿ ಹೋಗಬಾರದು. ಹೊಸ ಅಕ್ಕಿ ನೋಡಲು ಬೆಳ್ಳಗೆ ಚೆಂದ, ಬೇಯಿಸಿದರೆ ಅಂಟಿಕೊಂಡು ಗಂಜಿಯಾಗುತ್ತದೆ. ತೇವ ಅಳೆಯುವ ಮೀಟರಿಗೆ ತೇವ ಎಷ್ಟಿದೆ ಎಂಬುದಷ್ಟೇ ಗೊತ್ತು, ಅಕ್ಕಿಯ ವಯಸ್ಸು ಗೊತ್ತಾಗುವುದಿಲ್ಲ.

ವಯಸ್ಸು ಹೇಳುತ್ತಿದ್ದವಳು ಅಕ್ಕ. ಒಡಹುಟ್ಟಿದವಳಲ್ಲ, ಸಿರಿಗೇರಿಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಮೊದಲು ಮಿಲ್ಲಿನ ಕಣದಲ್ಲಿ ಭತ್ತ ಹರವುವ ಕೂಲಿಗೆ ಬಂದವಳು. ಒಂದು ದಿನ ಕಣದಲ್ಲಿ ನಿಂತೇ "ಸಾವ್ಕಾರ್ರ, ಇದರಾಗ ಎರಡು ಬೆಳಿ ಕೂಡ್ಯಾವ್ರಿ" ಎಂದು ಎರಡು ಬೊಗಸೆಯನ್ನು ಬೇರೆ ಬೇರೆ ಮಾಡಿ ತೋರಿಸಿದಳಂತೆ. ಸಾಹುಕಾರರು ಮರುದಿನವೇ ಬಳ್ಳಾರಿಗೆ ಕರೆಸಿಕೊಂಡರು. ಅಕ್ಕ ಅಕ್ಕಿಯನ್ನು ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ತಿಕ್ಕುವಳು, ಕೈ ಕೊಡವಿ ಉಳಿದ ಹುಡಿಯನ್ನು ನೋಡುವಳು, ಒಂದು ಕಾಳನ್ನು ಮುಂದಿನ ಹಲ್ಲಿನಲ್ಲಿ ಕಟ್ ಎಂದು ಕಡಿಯುವಳು. ಅಷ್ಟರಲ್ಲಿ ಅವಳಿಗೆ ಗೊತ್ತಾಗಿರುತ್ತಿತ್ತು. ಬೇಯಿಸಿ ಬಡಿಸುವುದು ನಮಗೆ ಗೊತ್ತಾಗಲಿ ಎಂದು.

ಬಡಿಸುವಾಗ ಮೊದಲ ಹಿಡಿ ನನ್ನ ತಟ್ಟೆಗೆ. "ಹೆಂಗೈತಿ ಹೇಳು" ಎನ್ನುವಳು. ನಾನು ಹೇಳಿದ್ದು ತಪ್ಪಿದ್ದರೆ ತಲೆಗೆ ಮೊಟಕಿ, ಯಾಕೆ ತಪ್ಪು ಎಂದು ತಿಳಿಸುವಳು. ಹಾಗೆ ತಿಕ್ಕಿ ತಿಕ್ಕಿ, ಮೊಟಕಿಸಿಕೊಂಡು ಮೊಟಕಿಸಿಕೊಂಡು, ಐದಾರು ವರ್ಷದಲ್ಲಿ ನನ್ನ ಅಂಗೈಗೂ ಅಕ್ಕಿಯ ವಯಸ್ಸು ತಿಳಿಯತೊಡಗಿತು. ನನ್ನ ಡಿಗ್ರಿಯಿಂದ ನನಗೆ ಇಷ್ಟು ಹೆಮ್ಮೆ ಬಂದಿರಲಿಲ್ಲ.

ಸಾಹುಕಾರರಿಗೆ ಮೊಣಕಾಲು ನೋವು ಹೆಚ್ಚಾಗಿ ಮಹಡಿ ಹತ್ತಲಾಗದೆ, ಆಫೀಸನ್ನು ಹಿರಿಯ ಅಳಿಯನ ಕೈಗೆ ಕೊಟ್ಟರು. ಬೇರೆ ಊರಿನ ದೊಡ್ಡ ಕಂಪನಿಯಲ್ಲಿದ್ದು ಬಂದವರು. ಎದುರಿಗೆ ನಾವೆಲ್ಲ ಅಳಿಯಂದಿರು ಎನ್ನುತ್ತಿದ್ದೆವು, ಹಿಂದೆ ಅಳಿಯ. ಈಗ ನಾನು ಹಿಂದೆಯೇ ಮಾತಾಡುತ್ತಿರುವುದರಿಂದ ಅಳಿಯ ಎಂದೇ ಬರೆಯುತ್ತೇನೆ.

ಅಳಿಯ ಬಂದ ಮೂರನೇ ತಿಂಗಳಿಗೆ ಎಲ್ಲರ ಕಂಪ್ಯೂಟರಿಗೂ ಒಂದು ಹೊಸ ಸಾಫ್ಟ್‌ವೇರ್ ಹಾಕಿಸಿದ. ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ. ಕೀಲಿಯನ್ನೋ ಮೌಸನ್ನೋ ಆಡಿಸುತ್ತಿದ್ದರೆ ಹಸಿರು. ನಾಲ್ಕು ನಿಮಿಷ ಸುಮ್ಮನಿದ್ದರೆ ಕೆಂಪು. ನಡುನಡುವೆ ನಮ್ಮ ಪರದೆಯ ಫೋಟೋ ತೆಗೆದು ಅವನ ಕೋಣೆಗೆ ಕಳಿಸುತ್ತಿತ್ತು. ವಾರಕ್ಕೊಮ್ಮೆ ಯಾರು ಎಷ್ಟು ಹೊತ್ತು ಹಸಿರಾಗಿದ್ದರು ಎಂಬ ಪಟ್ಟಿ ಕುಡಿಯುವ ನೀರಿನ ಫಿಲ್ಟರಿನ ಪಕ್ಕದಲ್ಲಿ. ನೀರು ಕುಡಿಯಲು ಹೋದಾಗಲೆಲ್ಲ ನಮ್ಮ ಯೋಗ್ಯತೆ ಓದಿಕೊಂಡು ಬರಬೇಕು.

ಮೊದಲ ವಾರ ನನಗೆ ನಗು ಬಂತು. ಆಮೇಲೆ ಮೈ ಉರಿಯತೊಡಗಿತು. ಆದೋನಿ ದಾಟಿದ ಮೇಲೆ ಕೆಟ್ಟು ನಿಂತ ಲಾರಿಯ ಡ್ರೈವರ್ "ಅಮ್ಮಾ, ಬಂಡಿ ಆಗಿಪೋಯಿಂದಿ" ಎಂದು ಗೋಳಾಡಿದ. ಅವನನ್ನು ಸಮಾಧಾನ ಮಾಡಿ, ಮೆಕ್ಯಾನಿಕ್ ಹುಡುಕಿ, ಅತ್ತಲಿಂದ ಇನ್ನೊಂದು ಗಾಡಿ ಗೊತ್ತುಮಾಡಲು ಮುಕ್ಕಾಲು ಗಂಟೆ ಫೋನಿನಲ್ಲಿದ್ದೆ. ಆ ಮುಕ್ಕಾಲು ಗಂಟೆ ನಾನು ಕೆಂಪು. ನಮ್ಮ ಲೆಕ್ಕದ ಗುಮಾಸ್ತರು, ನಿವೃತ್ತಿಗೆ ಎರಡು ವರ್ಷವಿರುವ ಹಿರಿಯರು, ಬಲು ಚಾಲಾಕಿ. ಅತ್ತಿತ್ತ ತಿರುಗುವ ಟೇಬಲ್ ಫ್ಯಾನಿನ ಜಾಲರಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿ ಮೌಸಿಗೆ ಕಟ್ಟಿದರು. ಆ ಕಡೆ ಎಳೆದ ಮೌಸು ಈ ಕಡೆ ಬರಲಿ ಎಂದು ಒಂದು ರಬ್ಬರ್ ಬ್ಯಾಂಡು. ನಮ್ಮೂರಿನ ಬಿಸಿಲಿಗೆ ಫ್ಯಾನು ನಿಲ್ಲಿಸುವ ಮಾತೇ ಇಲ್ಲ. ಅವರು ಕೆಳಗಿಳಿದು ಚಹಾ ಕುಡಿದು, ಪೇಪರು ಓದಿ, ಪರಿಚಯದವರನ್ನು ಮಾತಾಡಿಸಿ ಬರುವಷ್ಟು ಹೊತ್ತೂ ಹಸಿರು. ಆ ವಾರದ ಪಟ್ಟಿಯಲ್ಲಿ ಮೊದಲನೆಯವರು ಅವರೇ. ಅಳಿಯ ಎಲ್ಲರಿಂದ ಚಪ್ಪಾಳೆ ಹೊಡೆಸಿ ಒಂದು ಪೆನ್ನು ಕೊಟ್ಟ.

ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತೇನೋ. ಆದರೆ ಅಳಿಯ ಅಕ್ಕನ ಮುಂದೆಯೂ ಒಂದು ಕಂಪ್ಯೂಟರು ಇಡಿಸಿದ್ದ. ತೇವದ ಮೀಟರು ತೋರಿಸಿದ್ದನ್ನು ಅದರಲ್ಲಿ ಬರೆಯಬೇಕು, ದಿನಕ್ಕೆ ಹತ್ತೋ ಹದಿನೈದೋ ಅಂಕಿ. ಅಕ್ಕ ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತಿ, ಸೆರಗಿನಿಂದ ಕೀಲಿಗಳನ್ನು ಒರೆಸಿ, ಎದ್ದು ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಸಂಕ್ರಾಂತಿಗೆ ಮೊದಲಿನ ಒಂದು ಸೋಮವಾರ. ಎಲ್ಲರನ್ನೂ ನಿಲ್ಲಿಸಿಕೊಂಡು ಅಳಿಯ ಪಟ್ಟಿ ಓದಿದ. ಕೊನೆಗೆ ಅಕ್ಕನ ಕಡೆ ತಿರುಗಿದ. ದನಿ ಏರಿಸಲಿಲ್ಲ, ನಗುತ್ತಲೇ ಹೇಳಿದ.

"ಅಮ್ಮಾ, ನೀವು ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡ್ತೀರಿ ಗೊತ್ತಾ? ಹನ್ನೊಂದು ನಿಮಿಷ."

ಅಕ್ಕನಿಗೆ ಅರ್ಥವಾಗಲಿಲ್ಲ. "ಮುಂಜಾನಿ ಒಂಬತ್ತಕ್ಕ ಬರ್ತೀನ್ರಿ ನಾನು" ಎಂದಳು.

"ಬರ್ತೀರಿ, ಸರಿ. ಕೆಲಸ ಹನ್ನೊಂದು ನಿಮಿಷ. ಉಳಿದ ಹೊತ್ತು ಅಡುಗೆ. ಇದು ಆಫೀಸು, ಅಡುಗೆಮನೆ ಅಲ್ಲ. ಮಷೀನು ಸುಳ್ಳು ಹೇಳಲ್ಲಮ್ಮಾ."

ಅಕ್ಕ ಸುತ್ತ ನಿಂತ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಯಾರಾದರೂ ಅಲ್ಲ ಎನ್ನಬಹುದು ಎಂದುಕೊಂಡಿರಬೇಕು. ಅವಳ ಕೈಯ ಅನ್ನವನ್ನು ವರ್ಷಗಟ್ಟಲೆ ಉಂಡ ಒಂಬತ್ತು ಜನ ಅಲ್ಲಿದ್ದೆವು. ಒಬ್ಬರ ಬಾಯಿಯೂ ಬಿಚ್ಚಲಿಲ್ಲ. ನನ್ನದೂ ಬಿಚ್ಚಲಿಲ್ಲ. ಅವತ್ತು ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಎಲ್ಲವನ್ನೂ ಅಳಿಯನ ಲೆಕ್ಕಕ್ಕೆ ಹಾಕಿದೆ.

ಮರುದಿನದಿಂದ ಅಕ್ಕ ಸಿರುಗುಪ್ಪದ ಕಣದಲ್ಲಿ ಭತ್ತ ಹರವಬೇಕು ಎಂದು ಆದೇಶವಾಯಿತು, ಎಲ್ಲಿಂದ ಎದ್ದು ಬಂದಿದ್ದಳೋ ಅಲ್ಲಿಗೇ. ಹೊರಡುವಾಗ ಅಕ್ಕ ಒಲೆ ಒರೆಸಿ, ಅನ್ನದ ಪಾತ್ರೆ ತಿಕ್ಕಿ ಬೋರಲು ಹಾಕಿದಳು. "ಖರೇನ ಹನ್ನೊಂದ ನಿಮಿಷೇನು ತಂಗಿ?" ಎಂದು ಮೆಟ್ಟಿಲ ಹತ್ತಿರ ನನ್ನನ್ನು ಕೇಳಿದಳು.

ಅಕ್ಕ ಹೋದ ಮೇಲೆ ಕೆಲವು ದಿನ ಅವಳ ಕೆಲಸವನ್ನು ನಾನೇ ಕದ್ದು ಮಾಡಿದೆ. ಚೀಲ ಬಿಚ್ಚಿ ತಿಕ್ಕಿ ನೋಡುವುದು, ಅನುಮಾನ ಬಂದರೆ ಹಿಂದಿನ ಕೋಣೆಗೆ ಹೋಗಿ ಒಂದು ಹಿಡಿ ಬೇಯಿಸುವುದು, ತಪ್ಪಿದ್ದರೆ ಮಿಲ್ಲಿಗೆ ಫೋನು ಮಾಡಿ ನಿಲ್ಲಿಸುವುದು. ಎರಡು ಸಲ ತಪ್ಪು ಸಿಕ್ಕಿತು ಕೂಡ. ಅದಕ್ಕೆ ಕಾರಣವಿತ್ತು. ಒಂದೇ ಸಲಕ್ಕೆ ಮಿಲ್ಲಾದ ಅಕ್ಕಿಗೆ ಲಾಟು ಎನ್ನುತ್ತೇವೆ. ಪ್ರತಿ ಬೆಳೆಗೂ ಲಾಟಿನ ನಂಬರು ಮತ್ತೆ ಒಂದರಿಂದ ಶುರುವಾಗುತ್ತದೆ. ಹಾಗಾಗಿ ಒಂದೇ ಗೋದಾಮಿನಲ್ಲಿ ಹೋದ ವರ್ಷದ ಹದಿನಾಲ್ಕನೇ ಲಾಟೂ ಇರಬಹುದು, ಈ ವರ್ಷದ ಹದಿನಾಲ್ಕನೇ ಲಾಟೂ ಇರಬಹುದು. ಅಕ್ಕ ಹಳೆಯದರ ಚೀಲಕ್ಕೆ ಕರಿ ದಾರ, ಹೊಸದರ ಚೀಲಕ್ಕೆ ಬಿಳಿ ದಾರ ಕಟ್ಟಿಸುತ್ತಿದ್ದಳು. ಅಳಿಯ ತಂದ ಹೊಸ ಫಾರಮಿನಲ್ಲಿ ನಂಬರಿಗೆ ಜಾಗವಿತ್ತು, ದಾರಕ್ಕೆ ಇರಲಿಲ್ಲ. ದಾರ ನಿಂತುಹೋಯಿತು.

ನಾನು ಎದ್ದು ಓಡಾಡಿದ ಹೊತ್ತೆಲ್ಲ ಕೆಂಪಾಗಿ, ಪಟ್ಟಿಯಲ್ಲಿ ನನ್ನ ಹೆಸರು ತಳಕ್ಕೆ ಇಳಿಯಿತು. ಅಳಿಯ ತನ್ನ ಗಾಜಿನ ಕೋಣೆಗೆ ಕರೆಸಿದ. ನಾನು ಎಲ್ಲ ಬಿಡಿಸಿ ಹೇಳಿದೆ. ನಂಬರು, ದಾರ, ಹೊಸದು, ಹಳೆಯದು, ಸಿಕ್ಕ ಎರಡು ತಪ್ಪು. ಅವನು ಕೇಳುತ್ತಲೇ ಏನೋ ಟೈಪು ಮಾಡುತ್ತಿದ್ದ. ನಾನು ನನ್ನ ಜಾಗಕ್ಕೆ ಬಂದು ಕೂರುವಷ್ಟರಲ್ಲಿ ಅವನ ಮೇಲ್ ಬಂದಿತ್ತು. ಅಕ್ಕಿಯನ್ನು ಕೈಯಿಂದ ನೋಡುವುದು, ಬೇಯಿಸುವುದು ನಿಮ್ಮ ಕೆಲಸವಲ್ಲ, ಫಾರಮಿನಲ್ಲಿ ತೇವ ಸರಿಯಿದ್ದರೆ ಒಪ್ಪಿಗೆಯ ಗುರುತು ಹಾಕಿ ಕಳಿಸಿ, ಪರದೆಯ ಮೇಲೆ ಕಾಣದ ಕೆಲಸವನ್ನು ಕಂಪನಿ ಕೆಲಸವೆಂದು ಪರಿಗಣಿಸುವುದಿಲ್ಲ, ಇನ್ನೊಮ್ಮೆ ಹೀಗಾದರೆ ನಿಮ್ಮನ್ನೂ ಮಿಲ್ಲಿಗೆ ಕಳಿಸಬೇಕಾಗುತ್ತದೆ, ಎಂದು ಅದರಲ್ಲಿತ್ತು.

"ಆಯ್ತು ಸರ್" ಎಂದು ಉತ್ತರ ಬರೆದೆ. ಆ ಮೇಲನ್ನು ಪ್ರಿಂಟು ತೆಗೆದು ಮಡಿಚಿ ಪರ್ಸಿನಲ್ಲಿಟ್ಟುಕೊಂಡೆ. ಅದಕ್ಕೊಂದು ದಿನ ಬರುತ್ತದೆ ಎಂದು ನನಗೆ ಒಳಗೇ ಗೊತ್ತಿತ್ತು.

ದಿನ ಬಂದದ್ದು ಫೆಬ್ರವರಿಯಲ್ಲಿ. ಸಾಹುಕಾರರ ಕಿರಿಯ ಮಗಳ ಮದುವೆ ಗೊತ್ತಾಗಿತ್ತು. ಬೀಗರು ಹೊಸಪೇಟೆಯವರು, ದೊಡ್ಡ ಮನೆತನ. ಓಡಾಟದ ಹೊಣೆಯೆಲ್ಲ ಅಳಿಯನ ಮೇಲೆ, ಊಟದ ಅಕ್ಕಿ ನಮ್ಮ ಮಿಲ್ಲಿನದೇ. ಆರ್ಡರಿನ ಚೀಟಿಯಲ್ಲಿ ಮನೆಯ ಮದುವೆ, ಹಳೆ ಅಕ್ಕಿ, ಲಾಟು ಹದಿನಾಲ್ಕು ಎಂದಿತ್ತು. ಮದುವೆಗೆ ಎರಡು ದಿನವಿರುವಾಗ ಬೆಳಗಿನ ಬಸ್ಸಿನಲ್ಲಿ ಅದರ ಚೀಲ ಬಂದು ನನ್ನ ಟೇಬಲ್ಲಿನ ಮೇಲೆ ಕೂತಿತು.

ಅಭ್ಯಾಸ ಬಿಡುವುದಿಲ್ಲ. ಬಲಗೈ ಮೌಸಿನ ಮೇಲೆ ಆಡುತ್ತಿತ್ತು, ಎಡಗೈ ತಾನಾಗಿ ಚೀಲದ ಬಾಯಿ ಬಿಚ್ಚಿ ಒಂದು ಚಿಟಿಕೆ ತೆಗೆದು ತಿಕ್ಕಿತು. ಹುಡಿ ಬೀಳಲಿಲ್ಲ. ಒಂದು ಕಾಳನ್ನು ಹಲ್ಲಿಗೆ ಕೊಟ್ಟೆ. ಕಟ್ ಎನ್ನಲಿಲ್ಲ, ಮೆತ್ತಗೆ ಒಡೆಯಿತು. ಡಿಸೆಂಬರಿನಲ್ಲಿ ಕೊಯ್ದ ಭತ್ತದ ಅಕ್ಕಿ, ಹೊಚ್ಚ ಹೊಸದು. ಗೋದಾಮಿನವರು ಈ ವರ್ಷದ ಹದಿನಾಲ್ಕನ್ನು ಎಳೆದಿದ್ದರು.

ಫಾರಮು ತೆರೆದೆ. ತೇವ ಸರಿ ಇತ್ತು. ನಂಬರು ಸರಿ ಇತ್ತು. ನನ್ನ ಕುರ್ಚಿಯಿಂದ ಅಳಿಯನ ಗಾಜಿನ ಕೋಣೆ ಹನ್ನೆರಡು ಹೆಜ್ಜೆ. ಮೂಲೆಯ ಚುಕ್ಕೆ ಹಸಿರಾಗಿ ಉರಿಯುತ್ತಿತ್ತು. ಒಪ್ಪಿಗೆಯ ಗುರುತು ಹಾಕಿದೆ.

ಆಮೇಲೆ ಇಡೀ ದಿನ ಏಳಲಿಲ್ಲ. ನೀರಿಗೂ ಏಳಲಿಲ್ಲ. ಕಳಿಸಲು ಬೇರೆ ಲಾರಿ ಇರಲಿಲ್ಲವಾದ್ದರಿಂದ ಹೋದ ವರ್ಷದ ಲಾರಿ ನಂಬರುಗಳನ್ನೆಲ್ಲ ಮೇಲಿನಿಂದ ಕೆಳಗೆ ಇನ್ನೊಮ್ಮೆ ಟೈಪು ಮಾಡಿದೆ. ಒಮ್ಮೆ ಅಳಿಯ ಹಿಂದೆ ಬಂದು ನಿಂತು, "ನೋಡಿ ಮೇಡಂ, ಮನಸ್ಸು ಮಾಡಿದರೆ ನಿಮಗೂ ಆಗುತ್ತೆ" ಎಂದ. "ಹೌದ್ರಿ, ನೀವು ಹೇಳಿದಂಗ ಮಾಡಾಕತ್ತೀನಿ" ಎಂದೆ. ನನಗೆ ಒಳಗೊಳಗೇ ಹೋಳಿಗೆ ತಿಂದಷ್ಟು ಸುಖವಾಗುತ್ತಿತ್ತು.

ಸಂಜೆ ಕುರುಗೋಡಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಫೋನು ಕೈಯಲ್ಲೇ ಇತ್ತು, ಸಾಹುಕಾರರ ನಂಬರು ಅದರಲ್ಲಿತ್ತು. ನನ್ನ ಮದುವೆಗೆ ಬಂದು ಕೂತು ಉಂಡು ಹೋದ ಮನುಷ್ಯ ಅವರು. ಒಂದು ಮಾತು ಹೇಳಿದರೆ ಸಾಕು, ಚೀಲಗಳು ಬದಲಾಗುತ್ತಿದ್ದವು. ಊರಿನ ಬಂಡೆಗುಡ್ಡ ಕಾಣುವವರೆಗೂ ಯೋಚಿಸಿದೆ. ಹನ್ನೊಂದು ನಿಮಿಷ ಎಂದಾಗ ಅಕ್ಕ ನಮ್ಮನ್ನೆಲ್ಲ ನೋಡಿದ್ದು ನೆನಪಾಯಿತು. ಫೋನನ್ನು ಪರ್ಸಿಗೆ ಹಾಕಿ ಜಿಪ್ಪು ಎಳೆದೆ. ಮಾರನೇ ದಿನವೂ ಹಾಗೇ ಕಳೆಯಿತು.

ಮದುವೆಯ ದಿನ ಇರುವುದರಲ್ಲೇ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಳ್ಳಾರಿಯ ಕಲ್ಯಾಣ ಮಂಟಪಕ್ಕೆ ಹೋದೆ. ಬಾಗಿಲಲ್ಲಿ ಅಳಿಯ ರೇಷ್ಮೆ ಪಂಚೆ ಉಟ್ಟು ಬೀಗರನ್ನು ಎದುರುಗೊಳ್ಳುತ್ತಿದ್ದ. ನಾನು ಮುಂದಿನ ಸಾಲಿನಲ್ಲಿ ಜಾಗ ಹಿಡಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತವಳು ಅಕ್ಕ. ಸಾಹುಕಾರರೇ ಕಣಕ್ಕೆ ಆಳು ಕಳಿಸಿ ಕರೆದಿದ್ದರಂತೆ. ಬಿಸಿಲಿಗೆ ಕಪ್ಪಾಗಿ, ಹಿಮ್ಮಡಿ ಒಡೆದು, ಒಂದೇ ತಿಂಗಳಲ್ಲಿ ಮುದುಕಿಯಾಗಿದ್ದಳು. ನನ್ನ ಹೊಟ್ಟೆಯಲ್ಲಿ ಸೇಡು ಇನ್ನಷ್ಟು ಗಟ್ಟಿಯಾಯಿತು. ಇವಳ ಕಣ್ಣೆದುರೇ ಆಗಲಿ ಎಂದುಕೊಂಡೆ.

ಅಕ್ಷತೆ ಹಂಚುತ್ತಾ ಬಂದರು. ಎಲ್ಲರೂ ಮುಷ್ಟಿ ಹಿಡಿದು ಮುಹೂರ್ತಕ್ಕೆ ಕಾಯುತ್ತಿದ್ದರೆ ಅಕ್ಕನ ಹೆಬ್ಬೆರಳು ತನ್ನಷ್ಟಕ್ಕೆ ತಾನು ತಿಕ್ಕತೊಡಗಿತ್ತು. ಅರಿಶಿನದ ಒಂದು ಕಾಳನ್ನು ಯಾರಿಗೂ ಕಾಣದಂತೆ ಬಾಯಿಗೆ ಹಾಕಿ ಕಡಿದಳು. ನನ್ನ ಕಡೆ ತಿರುಗಿದಳು.

"ಇದು ಹೊಸದೈತಲ್ಲ."

"ಅಕ್ಷತಿಗೆ ಯಾವದಾದ್ರೇನು ಬಿಡಕ್ಕಾ."

"ಊಟಕ್ಕೂ ಇದ ಬಂದೈತೇನು?"

ನಾನು ಮಂಟಪದ ಕಡೆ ನೋಡಿದೆ.

"ಚೀಲ ಯಾರ ಕೈಗೆ ಬಂದಿತ್ತು?"

"ನನ್ನ ಕೈಗೆ."

"ತಿಕ್ಕಿ ನೋಡಿದೇನು?"

"ನೋಡಿದೆ."

ಗಟ್ಟಿಮೇಳ ಶುರುವಾಯಿತು. ಅಕ್ಕ ಎದ್ದು ನಿಂತು ಅಕ್ಷತೆಯನ್ನು ಮದುಮಗಳ ತಲೆಗೆ ಬೀಳುವ ಹಾಗೆ ಸರಿಯಾಗಿ ಎಸೆದು, ನನ್ನ ಕಡೆ ಬಾಗಿದಳು. "ಉಣ್ಣೋ ಅನ್ನದ ಮ್ಯಾಲ ಸಿಟ್ಟು ತೀರಸ್ಕೊಂಡ್ಯಾ? ನಿನಗ ಇದಕ್ಕ ಕಲಿಸಿದ್ನೇನು ನಾನು?" ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಯ ಕಡೆ ಹೊರಟೇಹೋದಳು.

ನಿನಗೋಸ್ಕರ ಮಾಡಿದ್ದು ಎಂದು ಕೂಗಬೇಕೆನ್ನಿಸಿತು. ಡೊಳ್ಳು ವಾಲಗದಲ್ಲಿ ಯಾರಿಗೆ ಕೇಳಬೇಕು.

ಅಕ್ಕ ಅಲ್ಲಿಗೆ ಹೋಗುವಷ್ಟರಲ್ಲಿ ಮೊದಲ ಹಂಡೆ ಬೆಂದು ಇಳಿದಿತ್ತು. ಹಳೆ ಅಕ್ಕಿ ಎಂದು ನಂಬಿ ಅಡುಗೆಯವರು ಅದಕ್ಕೆ ತಕ್ಕಷ್ಟು ನೀರು ಸುರಿದಿದ್ದರು. ಮೊದಲ ಪಂಕ್ತಿ ಬೀಗರದು. ನಾನು ಬಾಗಿಲ ಬದಿಗೆ ನಿಂತು ನೋಡಿದೆ. ಹೋಳಿಗೆ, ಎಣ್ಣೆಗಾಯಿ, ಮೆಣಸಿನಕಾಯಿ ಬಜ್ಜಿ ಎಲ್ಲ ಮುಗಿದು ಅನ್ನ ಬಂತು. ಬಡಿಸುವವನ ಸೌಟಿನಿಂದ ಅನ್ನ ಬೀಳಲೊಲ್ಲದು. ಜಾಡಿಸಿದರೆ ಮುದ್ದೆಯಾಗಿ ಎಲೆಗೆ ತಪ್ ಎಂದು ಬಿತ್ತು. ಸಾರು ಹಾಕಿದರೆ ಸುತ್ತ ಹರಿದುಹೋಯಿತು, ಒಳಗೆ ಇಳಿಯಲಿಲ್ಲ. ಎಲೆಗಳ ಮುಂದೆ ಕೈಗಳು ನಿಂತವು. ಬೀಗರಲ್ಲಿ ಹಿರಿಯರೊಬ್ಬರು ಅಳಿಯನನ್ನು ಬೆರಳು ಸನ್ನೆಯಲ್ಲಿ ಕರೆದರು.

"ಅಕ್ಕಿ ಮಿಲ್ಲು ನಿಮ್ಮದ ಅಲ್ಲೇನ್ರಿ?"

"ಹೌದು ಸರ್."

"ಮತ್ತ ನಮಗ ಗಂಜಿ ಕುಡಿಸಾಕ ಕರಿಸೀರೇನು?"

ಸಾಲಿನುದ್ದಕ್ಕೂ ನಗು ಹರಿಯಿತು. ಅಳಿಯನ ಮುಖದಲ್ಲಿ ರಕ್ತವಿರಲಿಲ್ಲ. ಆ ಮುಖವನ್ನು ನಾನು ಕಣ್ಣು ತುಂಬ ನೋಡಿದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಕೋಲೂರಿಕೊಂಡು ಸಾಹುಕಾರರು ಬಂದರು. ಆ ಮೊಣಕಾಲಿನಲ್ಲೇ ಎಲೆಯಿಂದ ಎಲೆಗೆ ನಡೆಯುತ್ತ, ಒಬ್ಬೊಬ್ಬ ಬೀಗರಿಗೂ ಕೈ ಮುಗಿದು, "ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೊಳ್ರಿ" ಎಂದರು. ಅದನ್ನು ನೋಡುವುದಕ್ಕೆ ನಾನು ಹೋಗಿರಲಿಲ್ಲ. ನಾನು ಕಣ್ಣು ಬೇರೆ ಕಡೆ ಮಾಡಿದೆ.

ಎರಡನೇ ಪಂಕ್ತಿಗೆ ಬಂದ ಅನ್ನ ಬಿಡಿಬಿಡಿಯಾಗಿತ್ತು, ಒಂದು ಕಾಳು ಇನ್ನೊಂದಕ್ಕೆ ಅಂಟಿರಲಿಲ್ಲ. ಅಡುಗೆಯ ಕಡೆ ಹೋಗಿ ಇಣುಕಿದೆ. ಒಗೆದ ಪಂಚೆಗಳ ಮೇಲೆ ಅನ್ನ ಹರವಿ, ಎಣ್ಣೆ ಚಿಮುಕಿಸಿ ಆರಿಸುತ್ತಿದ್ದರು. ಅಕ್ಕ ಮೂರನೇ ಹಂಡೆಗೆ ನೀರು ಅಳೆಸುತ್ತಿದ್ದಳು, ಅಡುಗೆಯವರು ಅವಳು ಹೇಳಿದಂತೆ ಕುಣಿಯುತ್ತಿದ್ದರು. ಅವಳ ಬಲಗೈಗೆ ಒದ್ದೆ ಬಟ್ಟೆ ಸುತ್ತಿತ್ತು. ಎರಡನೇ ಹಂಡೆಯ ಗಂಜಿ ಅವಸರದಲ್ಲಿ ಬಸಿಯುವಾಗ ಕುದಿಯುವ ಗಂಜಿ ಅಂಗೈ ಮೇಲೆ ಬಿದ್ದಿತ್ತು. ನಾನು ಹತ್ತಿರ ಹೋಗಿ ಕೈ ಹಿಡಿಯಹೋದೆ. "ಸರಿ ಅತ್ತಾಗ, ಕೆಲಸ ಐತಿ" ಎಂದಳು.

ಮುಂದಿನ ಸೋಮವಾರ ಸಾಹುಕಾರರು ಇಬ್ಬರ ಹೆಗಲು ಹಿಡಿದು ಮಹಡಿ ಹತ್ತಿ ಬಂದರು. ಅಕ್ಕನನ್ನೂ ಕರೆಸಿದ್ದರು, ಅವಳು ಗೋಡೆಯ ಬದಿಗೆ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. ನಮ್ಮೆಲ್ಲರ ಮುಂದೆ ಕೂತು ಸಾಹುಕಾರರು ಕೇಳಿದರು.

"ಆ ಲಾಟಿಗೆ ಒಪ್ಪಿಗಿ ಹಾಕಿದೋರು ಯಾರು?"

"ನಾನ್ರಿ" ಎಂದೆ. ಅಳಿಯ ತಕ್ಷಣ, "ಮೊದಲಿಂದಲೂ ಇವರ ಪರ್ಫಾರ್ಮೆನ್ಸ್ ಕಡಿಮೆಯೇ ಮಾವ" ಎಂದ. ನಾನು ಪರ್ಸು ತೆಗೆದು ಎರಡು ಕಾಗದ ಟೇಬಲ್ಲಿನ ಮೇಲಿಟ್ಟೆ. ಒಂದು ಅವನ ಮೇಲ್, ಇನ್ನೊಂದು ಆ ವಾರದ ಪಟ್ಟಿ. ಸಾಹುಕಾರರು ಕನ್ನಡಕ ತಂದಿರಲಿಲ್ಲ. ಕಾಗದಗಳನ್ನು ಅಳಿಯನ ಕಡೆ ತಳ್ಳಿ, "ನೀವ ಓದ್ರಿ" ಎಂದರು.

ಅವನು ಓದಿದ. ಅಕ್ಕಿಯನ್ನು ಕೈಯಿಂದ ನೋಡುವುದು ನಿಮ್ಮ ಕೆಲಸವಲ್ಲ ಎಂಬಲ್ಲಿ ದನಿ ಇಳಿಯಿತು. "ಜೋರಾಗಿ" ಎಂದರು ಸಾಹುಕಾರರು. ಪರದೆಯ ಮೇಲೆ ಕಾಣದ ಕೆಲಸ ಎಂಬಲ್ಲಿ ಇನ್ನೊಮ್ಮೆ ಓದಿಸಿದರು. ಆಮೇಲೆ ಪಟ್ಟಿ. ಆ ದಿನದ ಮುಂದೆ ನನ್ನ ಹೆಸರಿನಲ್ಲಿ ಬೆಳಗಿನಿಂದ ಸಂಜೆವರೆಗೆ ಹಸಿರೇ ಹಸಿರು, ಒಂದು ಚೂರೂ ಕೆಂಪಿಲ್ಲ. ಫ್ಯಾನಿನ ಗುಮಾಸ್ತರನ್ನೂ ಹಿಂದೆ ಹಾಕಿದ್ದೆ.

"ಅಂದ್ರ ಅವತ್ತ ಎಲ್ಲಾರಿಗಿಂತ ಚಂದ ಕೆಲಸ ಮಾಡಿದಾಕಿ ಈಕಿನ" ಎಂದರು ಸಾಹುಕಾರರು. ಅಳಿಯ ತಲೆ ತಗ್ಗಿಸಿದ. ಹನ್ನೊಂದು ನಿಮಿಷ ಎಂದಿದ್ದ ಅದೇ ಜಾಗದಲ್ಲಿ, ಅದೇ ಒಂಬತ್ತು ಜನರ ಮುಂದೆ. ಇಂಥ ಸುಖ ಮತ್ತೆ ಸಿಗುತ್ತದೆಂದು ನನಗೆ ನಂಬಿಕೆಯಿಲ್ಲ.

ಸಾಹುಕಾರರು ನನ್ನ ಕಡೆ ತಿರುಗಿದರು. "ಆದ್ರೂ ನೀ ಒಂದ ಸಲ ತಿಕ್ಕಿ ನೋಡ್ಲಿಲ್ಲೇನು ತಂಗಿ?"

ಗೋಡೆಯ ಬದಿಗೆ ನಿಂತಿದ್ದ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಪರದಿ ಮ್ಯಾಲ ತಿಕ್ಕಾಕ ಬರಂಗಿಲ್ರಿ" ಎಂದೆ.

ಎಲ್ಲರೂ ನಕ್ಕರು. ಸಾಹುಕಾರರೂ ನಕ್ಕರು. ಅಕ್ಕ ನಗಲಿಲ್ಲ. ಅವಳು ಬಾಯಿ ತೆರೆದಿದ್ದರೆ ನನ್ನ ಇಪ್ಪತ್ತೆರಡು ವರ್ಷದ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಬಟ್ಟೆ ಸುತ್ತಿದ ತನ್ನ ಕೈಯನ್ನು ನೋಡಿಕೊಂಡಳು.

ಅಕ್ಕ ಅವತ್ತೇ ತನ್ನ ಹಳೆ ಜಾಗಕ್ಕೆ ಬಂದಳು. ಚೀಲಗಳಿಗೆ ದಾರ ಬಂತು. ಪಟ್ಟಿ ಅಂಟಿಸುವುದು ನಿಂತಿತು. ಸಾಫ್ಟ್‌ವೇರಿನವರ ಜೊತೆ ಇಡೀ ವರ್ಷಕ್ಕೆ ಒಪ್ಪಂದವಾಗಿದ್ದರಿಂದ ಚುಕ್ಕೆ ಮಾತ್ರ ಇನ್ನೂ ಪರದೆಯ ಮೂಲೆಯಲ್ಲೇ ಇದೆ, ಯಾರೂ ನೋಡುವುದಿಲ್ಲ. ಸಾಹುಕಾರರು ಅಳಿಯನಿಗೆ ಇನ್ನೂ ಒಂದು ಶಿಕ್ಷೆ ಕೊಟ್ಟರು. ದಿನಾ ಹನ್ನೆರಡೂವರೆಗೆ ಹಿಂದಿನ ಕೋಣೆಗೆ ಹೋಗಿ ಅಕ್ಕನ ಹತ್ತಿರ ಅಕ್ಕಿ 'ಕಲಿಯಬೇಕು'.

ಅಕ್ಕನ ಅಂಗೈ ಚರ್ಮ ಸುಲಿದು ತಿಂಗಳುಗಟ್ಟಲೆ ತಿಕ್ಕುವ ಹಾಗಿರಲಿಲ್ಲ. ಮೊದಲ ದಿನ ಚೀಲ ಬಂದಾಗ ನಾನು ಎದ್ದು ಹೋಗಿ ಅಂಗೈ ಚಾಚಿ ನಿಂತೆ. ಆ ಆಫೀಸಿನಲ್ಲಿ ಅವಳು ಕಲಿಸಿದ ಕೈ ಅದೊಂದೇ. ಅಕ್ಕ ಚೀಲದಿಂದ ಎಡಗೈಯಲ್ಲಿ ಒಂದು ಹಿಡಿ ತೆಗೆದು, ನನ್ನ ಕೈ ಮೇಲಿಂದ ದಾಟಿಸಿ, ಅಳಿಯನ ಅಂಗೈಗೆ ಹಾಕಿದಳು. "ತಿಕ್ಕ್ರಿ. ಹಂಗಲ್ಲ, ಹೆಬ್ಬಟ್ಟಿನಿಂದ" ಎಂದಳು. ಅವನು ತಪ್ಪಾಗಿ ತಿಕ್ಕಿದ, ತಪ್ಪಾಗಿ ಹೇಳಿದ. ಅವಳು ಮತ್ತೆ ಹಾಕಿದಳು.

ನಾಲ್ಕು ತಿಂಗಳಾಯಿತು. ಅಳಿಯನ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ, ಆ ಬೀಗರ ಮಾತು ನೆನಪಾದರೆ ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ. ಅಕ್ಕನ ಕಾಲು ಹಿಡಿದು ತಪ್ಪಾಯಿತು ಎಂದಿದ್ದೇನೆ. "ಏಳು, ಊಟದ ಹೊತ್ತಾತು" ಎಂದಳು, ಅಷ್ಟೇ. ದಿನಾ ನನಗೂ ಬಡಿಸುತ್ತಾಳೆ, ಎಲ್ಲರಷ್ಟೇ ಬಡಿಸುತ್ತಾಳೆ. ಇವತ್ತು ಮೊದಲ ಹಿಡಿ ಅಳಿಯನ ತಟ್ಟೆಗೆ ಹಾಕಿ "ಹೆಂಗೈತಿ ಹೇಳ್ರಿ" ಎಂದಳು. ಅವನು ಒಂದು ತುತ್ತು ಅಗಿದು, ಸ್ವಲ್ಪ ಯೋಚಿಸಿ, "ಇನ್ನೆರಡು ತಿಂಗಳು ಇರಲಿ ಅನ್ಸುತ್ತೆ" ಎಂದ. ಸರಿಯಾಗಿಯೇ ಹೇಳಿದ. ಅಕ್ಕ ತಲೆಯಾಡಿಸಿ ಗುಮಾಸ್ತರ ತಟ್ಟೆಗೆ ಹೋದಳು, ಅವರನ್ನೂ ಕೇಳಿದಳು. ಆಮೇಲೆ ನನ್ನ ತಟ್ಟೆಗೆ ಅನ್ನ ಹಾಕಿ ಮುಂದೆ ಹೋದಳು.